ಇಪ್ಪತ್ತು ಸಾವಿರ ಪ್ಲೇಟು, ಒಬ್ಬ ಅಭಿಮಾನಿ

ನಮ್ಮ ಮನೆಯ ಹಾಲ್‌ನಲ್ಲಿ ಟೀವಿ ಇರಬೇಕಾದ ಗೋಡೆಗೆ ಒಂದು ಮರದ ಕಪಾಟಿದೆ. ಅದರಲ್ಲಿ 210 ರೆಕಾರ್ಡುಗಳಿವೆ. ಲೆಕ್ಕ ಪಕ್ಕಾ, ಯಾಕಂದ್ರೆ ಮನೆ ಬದಲಿಸಿದಾಗಲೆಲ್ಲ ಪ್ಯಾಕರ್ಸ್‌ನವರ ಕೈಗೆ ಕೊಡದೆ ನಾನೇ ಎಣಿಸಿ, ಹಳೇ ಬೆಡ್‌ಶೀಟ್ ಸುತ್ತಿ ತಂದಿದ್ದೇನೆ. ಯಾವ ಕ್ರಮಾನೂ ಇಲ್ಲ. ಭೀಮಸೇನ ಜೋಶಿ ಪಕ್ಕ ಪಿಂಕ್ ಫ್ಲಾಯ್ಡ್, ಮಾಲಿ ಕೊಳಲಿನ ಪಕ್ಕ ಮೈಲ್ಸ್ ಡೇವಿಸ್, ಕಾಳಿಂಗರಾಯರ ಪಕ್ಕ ಬೋನಿ ಎಂ. 'ಗಂಧದ ಗುಡಿ'ಯ ರೆಕಾರ್ಡು ಅಬ್ಬಾದವರಿಗೆ ಒರಗಿಕೊಂಡು ನಿಂತಿದೆ. ಅರ್ಧಕ್ಕರ್ಧ ಭಾನುವಾರದ ಬೆಳಗಿನ ಸಂತೆಗಳಲ್ಲಿ ಚೌಕಾಸಿ ಮಾಡಿ ತಂದದ್ದು.

ಹೆಂಡತಿ ಒಂದು ಸಲ ಧೂಳು ಒರೆಸ್ತಾ ಕೇಳಿದಳು: "ಅಲ್ಲಾ, ಇದೆಲ್ಲಾ ಫೋನಲ್ಲೇ ಸಿಗತ್ತಲ್ವಾ? ಮತ್ತೆ ಇಷ್ಟೊಂದು ಯಾಕೆ ಗುಡ್ಡೆ ಹಾಕ್ಕೊಂಡಿದೀಯ?"

ನ್ಯಾಯವಾದ ಪ್ರಶ್ನೆ. ವಿನೈಲ್ ಸೌಂಡೇ ಬೇರೆ, ಅದರ ಬೆಚ್ಚಗಿನ ದನಿಯೇ ಬೇರೆ ಅಂತ ನಮ್ಮಂಥವರು ಸಾಮಾನ್ಯವಾಗಿ ಕೊಡೋ ಉತ್ತರ ಕೊಟ್ಟೆ. ಕೊಡುವಾಗಲೇ ಅದು ಪೂರ್ತಿ ನಿಜವಲ್ಲ ಅಂತ ನನಗೇ ಗೊತ್ತಿತ್ತು. ನಿಜವಾದ ಉತ್ತರಕ್ಕೆ ಒಂದು ಕ್ಯಾಸೆಟ್ಟಿನ ಕಥೆ ಹೇಳಬೇಕು. ಅದನ್ನ ಕೊನೆಗೆ ಹೇಳ್ತೀನಿ. ಅದಕ್ಕೂ ಮೊದಲು, ನನ್ನ 210 ರೆಕಾರ್ಡು ನೋಡಿ ಯಾರಾದರೂ ನಕ್ಕರೆ ನಾನು ನೆನೆಸಿಕೊಳ್ಳೋ ಒಬ್ಬ ಮನುಷ್ಯನ ಕಥೆ. ಅವರ ಹತ್ತಿರ ಸುಮಾರು 20,000 ರೆಕಾರ್ಡುಗಳಿದ್ದವು. ಊರು ಮೈಸೂರು. ಹೆಸರು ಜಯಚಾಮರಾಜೇಂದ್ರ ಒಡೆಯರ್. ಮೈಸೂರಿನ ಕೊನೆಯ ಮಹಾರಾಜರು.

ರೆಕಾರ್ಡು ಅನ್ನೋ ವಸ್ತುವಿನ ಬಗ್ಗೆ ಮೊದಲು ಒಂದೆರಡು ಮಾತು ಹೇಳಿಬಿಡ್ತೀನಿ. ನಮ್ಮ ತಾತಂದಿರು 'ಪ್ಲೇಟು' ಅಂತಿದ್ದದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಕಪ್ಪು ತಟ್ಟೆಯನ್ನ. ಅದರಲ್ಲಿದ್ದ ಮುಖ್ಯ ಸಾಮಗ್ರಿ ಅರಗು. ಹೌದು, ಮಹಾಭಾರತದ ಅರಗಿನ ಮನೆಯ ಅದೇ ಅರಗು. ಮರದ ಕೊಂಬೆ ಮೇಲೆ ಒಂದು ಸಣ್ಣ ಕೀಟ ಸ್ರವಿಸುವ ಅಂಟು. ಭಾರತದ ಕಾಡುಗಳಿಂದ ಹಡಗೇರಿ ಹೋದ ಅರಗಿನಲ್ಲೇ ಯುರೋಪಿನ ಸಂಗೀತದ ತಟ್ಟೆಗಳೂ ಅಚ್ಚಾಗುತ್ತಿದ್ದವು. ಕೈ ಜಾರಿದರೆ ಹೆಂಚಿನ ಹಾಗೆ ಒಡೆಯೋದು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ, ಹನ್ನೆರಡು ಇಂಚಿನದಕ್ಕೆ ನಾಲ್ಕು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅಷ್ಟರೊಳಗೆ ಹಾಡು ಮುಗೀಬೇಕು.

ಇನ್ನೊಂದು ವಿಷಯ. ಉಕ್ಕಿನ ಮುಳ್ಳು ತಟ್ಟೆಯ ಗೀರನ್ನು ಉಜ್ಜಿಕೊಂಡೇ ಹೋಗೋದರಿಂದ ಪ್ರತಿ ಸಲ ಕೇಳಿದಾಗಲೂ ಅದು ಒಂದಿಷ್ಟು ಸವೆಯುತ್ತೆ. ಇಷ್ಟವಾದ ಪ್ಲೇಟು ಬೇಗ ಹಾಳಾಗುತ್ತೆ, ಇಷ್ಟವಾಗದ್ದು ಹೊಸದಾಗೇ ಉಳಿಯುತ್ತೆ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ತಟ್ಟೆಗಳ ಚರಿತ್ರೆಯಲ್ಲಿ ಮೈಸೂರು ಬರೋದು ಮಹಾರಾಜರ ಕಪಾಟಿಗೂ ಮೊದಲೇ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಅನ್ನೋ ಧ್ವನಿಮುದ್ರಣಕಾರ ಕಲ್ಕತ್ತಾದ ಹೋಟೆಲೊಂದರಲ್ಲಿ ಯಂತ್ರ ಹೂಡಿಕೊಂಡು ಕೂತ. ಆಗ ಮೈಕ್ ಇರಲಿಲ್ಲ. ದೊಡ್ಡ ಕೊಂಬಿನ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಹಾಗೆ ಹಾಡಿ ದೇಶದ ಮೊದಲ ರೆಕಾರ್ಡ್ ತಾರೆಯಾದವರು ಗೌಹರ್ ಜಾನ್. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಅಂತ ತಿಳಿಯಲಿ ಎಂದು ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಕೂಗಿ ಹೇಳುತ್ತಾರೆ. ಮೂರು ನಿಮಿಷದ ಠುಮ್ರಿ ಆದಮೇಲೆ ಬರುವ ಆ ಒಂದು ಸಾಲು, ಹಾಡಿಗಿಂತ ಹೆಚ್ಚು ಮೈ ಜುಮ್ಮೆನಿಸುತ್ತೆ. ನಾನು ಇದ್ದೆ, ಇಲ್ಲೇ ನಿಂತು ಹಾಡಿದ್ದೆ ಅಂತ ಹೇಳಿದ ಹಾಗೆ.

ದೊಡ್ಡ ಹೆಸರು, ದೊಡ್ಡ ದುಡ್ಡು ಎಲ್ಲ ಕಂಡ ಗೌಹರ್ ಜಾನ್ ಕೊನೆಗೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಆಗ ಅರಮನೆಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಪಿಯಾನೊ ಮುಂದೆ ಕೂರುವ ವಯಸ್ಸಿನಲ್ಲಿದ್ದ. ನಮ್ಮ ಕಥೆಯ ಹುಡುಗ ಅವನೇ. ಆದರೆ ಅವನ ಬಳಿ ಹೋಗುವ ಮುಂಚೆ ಅದೇ ಕಾಲದ ಇನ್ನೊಬ್ಬ ಹುಡುಗನನ್ನ ಉತ್ತರ ಕರ್ನಾಟಕದಲ್ಲಿ ನೋಡಿಕೊಂಡು ಬರೋಣ. ಅರಮನೆಯಿಲ್ಲದವರಿಗೆ ಪ್ಲೇಟು ಏನಾಗಿತ್ತು ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಗದಗಿನ ಹುಡುಗ ಭೀಮಸೇನ. ಅಂಗಡಿಯಲ್ಲಿ ಹಾಕಿದ ಅಬ್ದುಲ್ ಕರೀಂ ಖಾನರ ಪ್ಲೇಟು ಕಿವಿಗೆ ಬಿತ್ತು. ಜಿಂಜೋಟಿ ರಾಗದ ಠುಮ್ರಿ. ಮೂರು ನಿಮಿಷದ ಆ ದನಿ ಹುಡುಗನ ತಲೆ ಕೆಡಿಸಿತು. ಹೀಗೇ ಹಾಡೋದು ಕಲೀಬೇಕು ಅಂತ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟೇಬಿಟ್ಟ. ಟಿಕೆಟ್ಟಿಲ್ಲದೆ ರೈಲು ಹತ್ತಿ, ಗುರುವನ್ನು ಹುಡುಕಿಕೊಂಡು ಉತ್ತರ ಭಾರತವೆಲ್ಲ ಅಲೆದು, ಕೊನೆಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲೇ. ಸವಾಯಿ ಗಂಧರ್ವರು, ಅಂದ್ರೆ ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡರು. ಆದರೆ ಅವರ ಪ್ಲೇಟೊಂದು ಗದಗಿನ ಅಂಗಡಿಯವರೆಗೂ ಬಂದು ತನ್ನ ಕೆಲಸ ಮಾಡಿ ಮುಗಿಸಿತ್ತು.

ಪ್ಲೇಟು ಕೇಳಿ ಗದಗಿನ ಹುಡುಗ ಮನೆ ಬಿಟ್ಟ. ಮೈಸೂರಿನ ಹುಡುಗನಿಗೆ ಮನೆ ಬಿಡುವ ಅವಕಾಶ ಇರಲಿಲ್ಲ. ಅವನ ಕಥೆ ಉಲ್ಟಾ.

ಜಯಚಾಮರಾಜೇಂದ್ರರು ಹುಟ್ಟಿದ್ದು 1919ರ ಜುಲೈ 18ರಂದು. ದೊಡ್ಡಪ್ಪ ನಾಲ್ವಡಿಯವರ ಕಾಲದ ಮೈಸೂರು ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರಿದ್ದರು, ಹಿಂದೂಸ್ತಾನಿಯವರು ಬಂದುಹೋಗುತ್ತಿದ್ದರು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ದೊರೆಗಳೇ ವೀಣೆ, ಪಿಟೀಲು, ಪಿಯಾನೊ, ಸ್ಯಾಕ್ಸೊಫೋನ್ ನುಡಿಸಬಲ್ಲವರು. ಈ ಗದ್ದಲದ ಮಧ್ಯೆ ಬೆಳೆದ ಹುಡುಗನಿಗೆ ಹಿಡಿದ ಹುಚ್ಚು ಪಿಯಾನೊ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆಯುವ ಮಟ್ಟಕ್ಕೆ ಅಭ್ಯಾಸ ಮಾಡಿದರು. ಪಿಯಾನೊ ಕಲಾವಿದನಾಗಿ ವೇದಿಕೆ ಏರಬೇಕು ಅನ್ನೋದು ಅವರ ಕನಸು.

1940 ಆ ಕನಸನ್ನು ಮುಗಿಸಿತು. ಮಾರ್ಚಿನಲ್ಲಿ ತಂದೆ, ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ಹೋದರು. ಸೆಪ್ಟೆಂಬರಿನಲ್ಲಿ ಇಪ್ಪತ್ತೊಂದರ ಹುಡುಗ ಸಿಂಹಾಸನದ ಮೇಲೆ. ಆರು ತಿಂಗಳಲ್ಲಿ ಮೂರು ಬದುಕು ಬದಲಾದ ಹಾಗೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ನೋವು ಸಣ್ಣ ಪ್ರಮಾಣದಲ್ಲಿ ಗೊತ್ತಿದೆ ಅಲ್ವಾ? ಗಿಟಾರ್ ಮೂಲೆಯಲ್ಲಿಟ್ಟು ಕ್ಯಾಂಪಸ್ ಪ್ಲೇಸ್‌ಮೆಂಟಿಗೆ ಹೋದವರಿಗೆ, ನಾಟಕ ಬಿಟ್ಟು ಎಂಬಿಎ ಮಾಡಿದವರಿಗೆ. ಅವರ 'ಪ್ಲೇಸ್‌ಮೆಂಟ್' ಮಾತ್ರ ಸ್ವಲ್ಪ ದೊಡ್ಡದು.

ನುಡಿಸೋಕೆ ಆಗದವನು ಕೇಳೋಕೆ ಶುರು ಮಾಡ್ತಾನೆ. ಮಹಾರಾಜರು ರೆಕಾರ್ಡು ಕೂಡಿಸಿದರು. 20,000 ಅಂದ್ರೆ ಎಷ್ಟು ಅಂತ ಒಂದು ರಾತ್ರಿ ನಾನು ಲೆಕ್ಕ ಹಾಕಿದೆ. ಒಂದು ತಟ್ಟೆಯ ಎರಡೂ ಬದಿ ಸೇರಿ ಎಂಟು ನಿಮಿಷ ಅಂತ ಹಿಡಿದರೆ 1,60,000 ನಿಮಿಷ. ಊಟ, ನಿದ್ದೆ, ರಾಜ್ಯಭಾರ ಎಲ್ಲ ಬಿಟ್ಟು ಹಗಲೂ ರಾತ್ರಿ ಕೇಳುತ್ತಾ ಕೂತರೂ 111 ದಿನ ಬೇಕು. ನಾಲ್ಕು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುವಿ ಹಾಕೋದು ಬೇರೆ. ಬೀಥೋವನ್‌ನ ಒಂದು ಸಿಂಫನಿ ಕೇಳಬೇಕಾದರೆ ನಾಲ್ಕೈದು ತಟ್ಟೆ ಬೇಕಾಗುತ್ತಿದ್ದ ಕಾಲ ಅದು. ರೆಕಾರ್ಡುಗಳ ಸಂಗ್ರಹವನ್ನ 'ಆಲ್ಬಮ್' ಅಂತ ಕರೆಯೋ ರೂಢಿ ಬಂದಿದ್ದೂ ಹಾಗೇ. ಫೋಟೊ ಆಲ್ಬಮ್ಮಿನಂತೆ ಪುಟಕ್ಕೊಂದು ತಟ್ಟೆ ಇಟ್ಟ ದಪ್ಪ ಪುಸ್ತಕ.

1940ರ ದಶಕದ ಉತ್ತರಾರ್ಧದಲ್ಲಿ ಲಂಡನ್ನಿನಿಂದ ಒಬ್ಬ ಅತಿಥಿ ಮೈಸೂರಿಗೆ ಬಂದ. ವಾಲ್ಟರ್ ಲೆಗ್. ಇಎಂಐ ಕಂಪನಿಯ ನಿರ್ಮಾಪಕ, ಮಹಾ ಚಾಲಾಕಿ. ಈತನ ಒಂದು ಹಳೆಯ ಐಡಿಯಾ ಕೇಳಿದರೆ ನಿಮಗೆ ಇವತ್ತಿನದು ಅನ್ನಿಸುತ್ತೆ. ಹ್ಯೂಗೊ ವುಲ್ಫ್ ಅನ್ನೋ ಸಂಗೀತಗಾರನ ಹಾಡುಗಳಿಗೆ ಮಾರ್ಕೆಟ್ ಇಲ್ಲ ಅಂತ ಕಂಪನಿ ಹೇಳಿದಾಗ, 1931ರಲ್ಲಿ ಈತ ಒಂದು 'ಸೊಸೈಟಿ' ಮಾಡಿದ. ರೆಕಾರ್ಡು ಬರೋಕೆ ಮುಂಚೆಯೇ 500 ಜನ ಚಂದಾ ಕಟ್ಟಿದರೆ ಮಾತ್ರ ಮುದ್ರಣ. ಜನ ಕಟ್ಟಿದರು. ನಾವೀಗ ಕ್ರೌಡ್‌ಫಂಡಿಂಗ್ ಅಂತೀವಲ್ಲ, ಅದೇ. ನಮ್ಮಲ್ಲಿ ಪುಸ್ತಕಕ್ಕೆ ಮುಂಗಡ ಚಂದಾ ಎತ್ತುತ್ತಿದ್ದ ಪದ್ಧತಿಯ ಹಾಗೆ.

ಲೆಗ್ ಆಮೇಲೆ ಬರೆದುಕೊಂಡಂತೆ, ಅರಮನೆಯಲ್ಲಿ ಆತ ಕಂಡದ್ದು ಇನ್ನೂ ಮೂವತ್ತು ತುಂಬದ ದೊರೆ, ಗಂಭೀರ ಸಂಗೀತ ಅಂತ ಎಲ್ಲೆಲ್ಲಿ ಏನೇನು ಮುದ್ರಣವಾಗಿದೆಯೋ ಎಲ್ಲವನ್ನೂ ಇಟ್ಟುಕೊಂಡ ರೆಕಾರ್ಡ್ ಲೈಬ್ರರಿ, ಬಗೆಬಗೆಯ ಲೌಡ್‌ಸ್ಪೀಕರ್‌ಗಳು, ದೊಡ್ಡ ಪಿಯಾನೊಗಳು. ನಮ್ಮ ನಿಮ್ಮ ಹಾಗೆ ಸ್ಪೀಕರ್ ಬದಲಿಸಿ ಬದಲಿಸಿ ಕೇಳೋ ಗಿರಾಕಿ. ಆ ಭೇಟಿಯಿಂದ ಹುಟ್ಟಿದ್ದು ಎರಡು ದೊಡ್ಡ ಕೆಲಸ.

ಮೊದಲನೆಯದು ಮೆಟ್ನರ್ ಸೊಸೈಟಿ. ನಿಕೊಲಾಯ್ ಮೆಟ್ನರ್ ರಷ್ಯದ ಪಿಯಾನೊ ಕಲಾವಿದ, ರಖ್ಮನಿನಾಫ್‌ನ ಆಪ್ತ ಗೆಳೆಯ. 1921ರಲ್ಲಿ ರಷ್ಯ ಬಿಟ್ಟು, ಅಲ್ಲಿ ಇಲ್ಲಿ ಅಲೆದು, 1930ರ ದಶಕದಲ್ಲಿ ಲಂಡನ್ನಿಗೆ ಬಂದು ನೆಲೆಸಿದ. ಮಹಾಯುದ್ಧ ಶುರುವಾದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ವಯಸ್ಸಾಗಿತ್ತು, ಹೃದಯ ದುರ್ಬಲವಾಗಿತ್ತು. ಕಾಲ ಹೊಸ ಸಂಗೀತದ ಕಡೆ ಓಡುತ್ತಿದ್ದರೆ ಈತ ಹಳೇ ಮರ್ಯಾದೆಯ ಸಂಗೀತವನ್ನೇ ಬರೆಯುತ್ತಾ ಕೂತಿದ್ದ. ಕೇಳುವವರು ಕಡಿಮೆ. ಅಂಥವನ ಸಂಗೀತ ಮೈಸೂರಿನ ದೊರೆಗೆ ಇಷ್ಟ.

ನಮಗೆ ಇಷ್ಟವಾದ ಅಪರೂಪದ ಕಲಾವಿದನ ಹಾಡು ಎಲ್ಲೂ ಸಿಗದಿದ್ದರೆ ನಾವು ಏನು ಮಾಡ್ತೀವಿ? ಎರಡು ದಿನ ಹುಡುಕಿ ಬಿಟ್ಟುಬಿಡ್ತೀವಿ. ಇವರು ಆ ಕಲಾವಿದನನ್ನೇ ಸ್ಟುಡಿಯೊಗೆ ಕರೆಸುವ ವ್ಯವಸ್ಥೆ ಮಾಡಿದರು. ಮಹಾರಾಜರ ಹಣದಲ್ಲಿ 1947ರಲ್ಲಿ ಮೆಟ್ನರ್ ತನ್ನ ಮೂರೂ ಪಿಯಾನೊ ಕಾನ್ಸರ್ಟೊಗಳನ್ನು ತಾನೇ ನುಡಿಸಿ ಮುದ್ರಿಸಿದ. ಆಮೇಲೆ ಹಾಡುಗಳು, ಬಿಡಿ ರಚನೆಗಳು ಬಂದವು. ಮೂರು ಸಂಪುಟಗಳಾಗಿ ಪ್ಲೇಟುಗಳು ಹೊರಬಿದ್ದವು. 1950ರಲ್ಲಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಿಯಾನೊ ಮುಂದೆ ಕೂತಿದ್ದವನು ಮೆಟ್ನರ್‌ನೇ. ಮರುವರ್ಷ, 1951ರ ನವೆಂಬರಿನಲ್ಲಿ, ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳು ತಮ್ಮದೇ ಕಾನ್ಸರ್ಟೊಗಳನ್ನು ನುಡಿಸಿದ ಸದ್ದು ನಮಗೆ ಉಳಿಯುತ್ತಿರಲಿಲ್ಲ. ತನ್ನ ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಅರ್ಪಿಸಿದ್ದು ಮೈಸೂರಿನ ಮಹಾರಾಜರಿಗೆ. ಅದರ ಪುಸ್ತಕದಲ್ಲಿ ನಮ್ಮ ಊರಿನ ಹೆಸರು ಇವತ್ತಿಗೂ ಅಚ್ಚಾಗುತ್ತೆ.

ಎರಡನೆಯ ಕೆಲಸ ಇನ್ನೂ ದೊಡ್ಡದು. 1945ರಲ್ಲಿ ಲೆಗ್ ಮುಖ್ಯವಾಗಿ ರೆಕಾರ್ಡಿಂಗಿಗೆಂದೇ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಅನ್ನೋ ವಾದ್ಯವೃಂದ ಕಟ್ಟಿದ್ದ. ಯುದ್ಧ ಮುಗಿದ ಇಂಗ್ಲೆಂಡಿನಲ್ಲಿ ರೇಷನ್ ಇನ್ನೂ ಮುಗಿದಿರಲಿಲ್ಲ, ಸಂಗೀತಕ್ಕೆ ಎಲ್ಲಿಂದ ಬರಬೇಕು ದುಡ್ಡು? ಮಹಾರಾಜರು ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಅವರ ಸಂಗೀತ ನಿಧಿಯ ನೆರವಿನಿಂದ 1949ರಲ್ಲಿ ಹರ್ಬರ್ಟ್ ಫಾನ್ ಕರಾಯನ್ ಇದೇ ವೃಂದದ ಜೊತೆ ರಷ್ಯದ ಬಲಕಿರೆವ್‌ನ ಸಿಂಫನಿ, ಫ್ರಾನ್ಸಿನ ರೂಸೆಲ್‌ನ ಸಿಂಫನಿ ಮುದ್ರಿಸಿದ. ಅಂಗಡಿಗೆ ಬಂದು ಕೇಳಿ ಕೊಳ್ಳುವವರು ತೀರಾ ವಿರಳವಾಗಿದ್ದ ರಚನೆಗಳು ಇವು. ಪಟ್ಟಿ ನೋಡಿದರೆ ಗೊತ್ತಾಗುತ್ತೆ, ದುಡ್ಡು ಕೊಟ್ಟವನು ಹೆಸರಿಗಾಗಿ ಕೊಟ್ಟಿಲ್ಲ, ಕೇಳೋ ಆಸೆಗೆ ಕೊಟ್ಟಿದ್ದಾನೆ ಅಂತ. ಹೆಸರು ಬೇಕಿದ್ದರೆ ಬೀಥೋವನ್ ಸಾಕಿತ್ತು.

ಈಗ ನನಗೆ ಈ ಕಥೆಯಲ್ಲಿ ತುಂಬಾ ಕಾಡುವ ದಿನಕ್ಕೆ ಬರ್ತೀನಿ.

1950ರ ಮೇ 22. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್. ಜರ್ಮನಿಯ ರಿಚರ್ಡ್ ಸ್ಟ್ರೌಸ್ 84ರ ವಯಸ್ಸಿನಲ್ಲಿ, 1948ರಲ್ಲಿ, ನಾಲ್ಕು ಹಾಡು ಬರೆದಿದ್ದ. ಮುಪ್ಪು, ಸಂಜೆ, ಸಾವು ಇವನ್ನು ಸಮಾಧಾನದಿಂದ ನೋಡುವ ಹಾಡುಗಳು. 'ಕೊನೆಯ ನಾಲ್ಕು ಹಾಡುಗಳು' ಅಂತ ಹೆಸರಿಟ್ಟದ್ದು ಅವನಲ್ಲ, ಅವನು ಹೋದಮೇಲೆ ಪ್ರಕಾಶಕರು. 1949ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ, ತನ್ನ ಹಾಡುಗಳ ಮೊದಲ ಪ್ರದರ್ಶನ ಕೇಳಲಿಲ್ಲ. ಆ ಮೊದಲ ಪ್ರದರ್ಶನವೇ ಈ ಮೇ 22ರದ್ದು. ಹಾಡಿದ್ದು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಈಕೆಯೇ ಹಾಡಬೇಕು ಅಂತ ಸ್ಟ್ರೌಸ್‌ನೇ ಬಯಸಿದ್ದ. ವೃಂದ ನಡೆಸಿದ್ದು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ನುಡಿಸಿದ್ದು ಫಿಲ್‌ಹಾರ್ಮೋನಿಯಾ. ನಷ್ಟವಾದರೆ ತುಂಬಿಕೊಡ್ತೀನಿ ಅಂತ 4,800 ಡಾಲರಿನ ಖಾತ್ರಿ ಕೊಟ್ಟಿದ್ದು ಮೈಸೂರಿನ ಜಯಚಾಮರಾಜ ಒಡೆಯರ್.

ಖಾತ್ರಿ ಕೊಟ್ಟವರು ಸಭಾಂಗಣದಲ್ಲಿ ಇರಲಿಲ್ಲ. ಹೋಗೋಕೆ ಆಗಲಿಲ್ಲ. ಅದಕ್ಕೇ ಅವರ ಒಂದು ಬಯಕೆ: ಆ ಸಂಜೆಯ ಹಾಡುಗಾರಿಕೆಯನ್ನು ಮುದ್ರಿಸಿ ಮೈಸೂರಿಗೆ ಕಳಿಸಿಕೊಡಬೇಕು. ಮುದ್ರಣವಾಯಿತು. ಅಸಿಟೇಟ್ ಅನ್ನೋ ಮೆತ್ತನೆಯ ತಟ್ಟೆಯ ಮೇಲೆ. ಅಸಿಟೇಟ್ ಅಂದ್ರೆ ಅರಗಿನ ಪ್ಲೇಟಿಗಿಂತಲೂ ನಾಜೂಕು, ಕೆಲವು ಸಲ ಹಾಕಿದರೆ ಸಾಕು ಸವೆಯುತ್ತೆ. ಎಷ್ಟೋ ವರ್ಷದ ಮೇಲೆ ಅದನ್ನ ಎಲ್‌ಪಿಗೆ ಇಳಿಸುವ ಹೊತ್ತಿಗೆ ತಟ್ಟೆಗಳು ಚೆನ್ನಾಗಿ ಸವೆದುಹೋಗಿದ್ದವು. ಗರಗರ, ಚಟಚಟ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಫ್ಲಾಗ್‌ಸ್ಟಾಡ್ ದನಿ. ಇತ್ತೀಚಿನ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಕುಳಿತು ಅದನ್ನ ಉಜ್ಜಿ ತೊಳೆದು ಕೇಳೋ ಹಾಗೆ ಮಾಡಿದ್ದಾರೆ. 2007ರಲ್ಲೊಮ್ಮೆ, 2014ರಲ್ಲಿ ಮತ್ತೊಮ್ಮೆ.

ಇವತ್ತು ಈ ನಾಲ್ಕು ಹಾಡುಗಳು ಲೋಕಪ್ರಸಿದ್ಧ. ದೊಡ್ಡ ಗಾಯಕಿಯರ ನೂರು ಒಳ್ಳೊಳ್ಳೆ ಮುದ್ರಣಗಳು ಸಿಗುತ್ತವೆ. ಆದರೆ ಆ ಹಾಡುಗಳು ಲೋಕಕ್ಕೆ ಮೊದಲ ಸಲ ಕೇಳಿಸಿದ ಆ ಸಂಜೆ ಉಳಿದಿದ್ದರೆ, ಬರೋಕೆ ಆಗದ ಒಬ್ಬ ಅಭಿಮಾನಿ ಮೈಸೂರಿನಲ್ಲಿ ಕೂತು ಕೇಳೋಕೆ ಆಸೆಪಟ್ಟ ಅನ್ನೋದೇ ಕಾರಣ. ನಾನು ಅದನ್ನ ಕೇಳುವಾಗ ಆ ಗರಗರ ಸದ್ದನ್ನೂ ಕೇಳ್ತೀನಿ. ಯಾರೋ ಇದನ್ನ ಮತ್ತೆ ಮತ್ತೆ ಹಾಕಿ ಕೇಳಿದ್ದಾರೆ ಅಂತ ಹೇಳೋ ಸದ್ದು ಅದು.

ಈ ಕಥೆಯನ್ನ ಆಫೀಸಿನ ಗೆಳೆಯನಿಗೆ ಹೇಳಿದಾಗ ಅವನು ಟೀ ಕುಡೀತಾ ಒಂದೇ ಮಾತಲ್ಲಿ ಮುಗಿಸಿದ: "ಜನರ ದುಡ್ಡು, ರಾಜರ ಶೋಕಿ."

ಇದನ್ನ ಹಾಗೇ ತಳ್ಳಿಹಾಕೋಕೆ ಆಗಲ್ಲ. ಕಾಲ ನೋಡಿ. 1947ರ ಸೆಪ್ಟೆಂಬರ್-ಅಕ್ಟೋಬರಿನಲ್ಲಿ 'ಮೈಸೂರು ಚಲೋ' ಅಂತ ಜನ ಬೀದಿಗಿಳಿದಿದ್ದರು, ಜೈಲಿಗೆ ಹೋಗಿದ್ದರು. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರ ಬಂತು. ಅದೇ ವರ್ಷ ಲಂಡನ್ನಿನಲ್ಲಿ ಮೆಟ್ನರ್ ಮುದ್ರಣ ನಡೀತಿತ್ತು. ಆಗಿನ ಲೆಕ್ಕದಲ್ಲಿ ಪೌಂಡಿಗೆ 13 ರೂಪಾಯಿ ಚಿಲ್ಲರೆ, ಅಂದ್ರೆ 10,000 ಪೌಂಡು ಅಂದ್ರೆ ವರ್ಷಕ್ಕೆ 1 ಲಕ್ಷ 33 ಸಾವಿರ ರೂಪಾಯಿ. ಅಷ್ಟು ಹಣ ಲಂಡನ್ನಿನ ವಾದ್ಯವೃಂದಕ್ಕೆ. ಸಂಸ್ಥಾನದ ರೈತನಿಗೆ ಬಲಕಿರೆವ್ ಯಾರು, ರೂಸೆಲ್ ಯಾರು? ಒಬ್ಬ ಮನುಷ್ಯನ ಅಭಿರುಚಿಗೆ ಇಷ್ಟು ಹಣ ಸಿಕ್ಕಿದ್ದು ಅವನು ಹುಟ್ಟಿದ ಮನೆಯ ಕಾರಣಕ್ಕೆ. ಇದನ್ನ ಒಪ್ಪಿಕೊಂಡೇ ಮುಂದಿನ ಮಾತಾಡಬೇಕು.

ನನಗೂ ಒಂದು ತಕರಾರಿದೆ. ಆಗ ಮೈಸೂರಿನಲ್ಲೇ ವಾಸುದೇವಾಚಾರ್ಯರಿದ್ದರು, ಏಳು ತಂತಿಯ ಪಿಟೀಲಿನ ಚೌಡಯ್ಯನವರಿದ್ದರು, ವೀಣೆ ವೆಂಕಟಗಿರಿಯಪ್ಪನವರಿದ್ದರು. ಲಂಡನ್ನಿಗೆ ಹೋದ ಹಣದ ಒಂದು ಪಾಲಿನಲ್ಲಿ ಇವರ ಪೂರ್ತಿ ಕಛೇರಿಗಳನ್ನೂ ಮೆಟ್ನರ್ ಥರವೇ ಸಂಪುಟ ಸಂಪುಟವಾಗಿ ಹಿಡಿದಿಟ್ಟಿದ್ದರೆ! ನಾಲ್ಕು ನಿಮಿಷದ ತಟ್ಟೆಗೆ ಒಂದು ಗಂಟೆಯ ರಾಗ ಹಿಡಿಸಲ್ಲ, ನಿಜ. ಆದರೂ ಆಸೆ ಅಂತ ಒಂದಿರುತ್ತಲ್ಲ.

ಹಾಗಂತ ದೊರೆಗಳ ಕಿವಿ ಪಶ್ಚಿಮಕ್ಕೆ ಮಾತ್ರ ತೆರೆದಿತ್ತು ಅಂತ ತಿಳೀಬೇಡಿ. ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. 1945ರಿಂದ 47ರ ನಡುವೆ, ಅಂದ್ರೆ ಈ ಎಲ್ಲ ಲಂಡನ್ ವ್ಯವಹಾರದ ಹೊತ್ತಿನಲ್ಲೇ, ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದರು. ಬೇರೆ ಬೇರೆ 94 ರಾಗಗಳಲ್ಲಿ, 'ಶ್ರೀವಿದ್ಯಾ' ಅನ್ನೋ ಅಂಕಿತದಲ್ಲಿ. ಪಿಯಾನೊ ಕಲಾವಿದ ಆಗಬೇಕಿದ್ದವನು ವಾಗ್ಗೇಯಕಾರನಾದ. ಹಗಲು ರಾಜ್ಯ ಕೈಬಿಟ್ಟುಹೋಗುವ ಕಡತಗಳಿಗೆ ಸಹಿ, ಸಂಜೆ ಒಂದು ಕಡೆ ವೀಣೆ, ಇನ್ನೊಂದು ಕಡೆ ಲಂಡನ್ನಿನಿಂದ ಬಂದ ತಟ್ಟೆಗಳು. ಆ ಕೋಣೆಯನ್ನ ಊಹಿಸಿಕೊಂಡರೆ ನನ್ನ ಕ್ರಮವಿಲ್ಲದ ಕಪಾಟಿನ ಬಗ್ಗೆ ನಾಚಿಕೆ ಕಡಿಮೆಯಾಗುತ್ತೆ.

1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. 1952ರಲ್ಲಿ ಇಎಂಐ ಕೂಡ ಅದೇ ದಾರಿ ಹಿಡಿಯಿತು. ಮೆಟ್ನರ್ ಸಂಪುಟಗಳು 78ರ ಪ್ಲೇಟುಗಳಾಗಿ ಬಂದದ್ದು ಆ ಪ್ಲೇಟುಗಳ ಕಾಲ ಮುಗಿಯುವ ಹೊತ್ತಿಗೆ. ಮಹಾರಾಜರ ಕಾಲವೂ ಹಾಗೇ ಮುಗಿಯುತ್ತಾ ಬಂತು. ರಾಜಪ್ರಮುಖರಾದರು, 1956ರಿಂದ ಮೈಸೂರು ರಾಜ್ಯದ ರಾಜ್ಯಪಾಲರಾದರು, ಆಮೇಲೆ ಮದ್ರಾಸಿನ ರಾಜ್ಯಪಾಲರು. 1971ರಲ್ಲಿ ರಾಜಧನವೂ ರದ್ದಾಯಿತು. 1974ರ ಸೆಪ್ಟೆಂಬರಿನಲ್ಲಿ, 55ರ ವಯಸ್ಸಿನಲ್ಲಿ, ತೀರಿಕೊಂಡರು. ಸಿಂಹಾಸನ ಈಗ ದಸರಾಕ್ಕೆ ನೋಡೋ ವಸ್ತು. ಮೆಟ್ನರ್ ಕಾನ್ಸರ್ಟೊಗಳು ಮಾತ್ರ ಇವತ್ತು ರಾತ್ರಿಯೂ ಯಾರದೋ ಹೆಡ್‌ಫೋನಿನಲ್ಲಿ ನುಡೀತಿರುತ್ತವೆ. ರಾಜನಾಗಿ ಮಾಡಿದ್ದಕ್ಕಿಂತ ಅಭಿಮಾನಿಯಾಗಿ ಮಾಡಿದ್ದು ದೂರ ಹೋಯಿತು ಅಂತ ನನಗೆ ಅನ್ನಿಸುತ್ತೆ.

ಈಗ ಆ ಕ್ಯಾಸೆಟ್ಟಿನ ಕಥೆ.

ನಮ್ಮಜ್ಜಿ ಕೆ.ಆರ್. ಪೇಟೆ ಕಡೆಯವರು. ಸೋಬಾನೆ ಪದ, ರಾಗಿ ಬೀಸೋ ಪದ ಬಾಯಲ್ಲೇ ಇದ್ದವು. ಮದುವೆ ಮನೆಯಲ್ಲಿ ಅಜ್ಜಿ ಎತ್ತಿಕೊಟ್ಟರೆ ಉಳಿದವರು ಹಿಂದೆ ಹಾಡಬೇಕು. ಒಂದು ಬೇಸಿಗೆ ರಜೆಯಲ್ಲಿ ಅಪ್ಪ ಹೊಸ ಟೂ-ಇನ್-ಒನ್ ತಗೊಂಡು ಊರಿಗೆ ಬಂದಿದ್ದರು. ಜಗಲಿ ಮೇಲೆ ಅಜ್ಜಿಯನ್ನ ಕೂರಿಸಿ ಒಂದು ಕ್ಯಾಸೆಟ್ಟಿನ ಎರಡೂ ಬದಿಗೆ ಪದ ಹಾಡಿಸಿ ತುಂಬಿಸಿದರು. ಮಧ್ಯೆ ಮಧ್ಯೆ ಕೋಳಿ ಕೂಗೋದು, "ಸಾಕು ಬುಡ್ಲಾ ಮಗಾ, ಗಂಟ್ಲು ಕಟ್ತದೆ" ಅಂತ ಅಜ್ಜಿ ನಗೋದು ಎಲ್ಲ ಅದರಲ್ಲಿತ್ತು.

ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಚೂರು ಇರ್ತಿದ್ದವು, ನೆನಪಿದೆಯಾ? ಅದನ್ನ ಮುರಿದುಬಿಟ್ಟರೆ ಮೇಲೆ ಮತ್ತೆ ರೆಕಾರ್ಡ್ ಮಾಡೋಕೆ ಆಗಲ್ಲ. ಅಪ್ಪ ಮುರಿದಿರಲಿಲ್ಲ. 1996ರಲ್ಲಿ 'ಜನುಮದ ಜೋಡಿ' ಹಾಡುಗಳು ಊರೆಲ್ಲ ಕೇಳಿಸ್ತಿದ್ದವು. ನನ್ನ ಹತ್ತಿರ ಖಾಲಿ ಕ್ಯಾಸೆಟ್ ಕೊಳ್ಳೋಕೆ ದುಡ್ಡಿರಲಿಲ್ಲ. ಗೆಳೆಯನ ಮನೆಯಿಂದ ಆ ಕ್ಯಾಸೆಟ್ ತಂದು, ಕೈಗೆ ಸಿಕ್ಕಿದ ಹಳೇದೊಂದರ ಮೇಲೆ ತುಂಬಿಸಿಕೊಂಡೆ. ಹಳೇದು ಯಾವುದು ಅಂತ ನನಗೆ ಗೊತ್ತಿತ್ತು. ಅಜ್ಜಿ ಹೇಗೂ ಇದ್ದಾರಲ್ಲ, ಇನ್ನೊಂದು ಸಲ ಹಾಡಿಸಿದರಾಯ್ತು ಅಂದುಕೊಂಡೆ. ಆ ಇನ್ನೊಂದು ಸಲ ಬರಲಿಲ್ಲ. ಅಪ್ಪ ಬಯ್ಯಲೂ ಇಲ್ಲ. ಕ್ಯಾಸೆಟ್ ಹಾಕಿ, ಸಿನಿಮಾ ಹಾಡು ಶುರುವಾದ ಮೇಲೆ ಒಂದು ನಿಮಿಷ ಸುಮ್ಮನೆ ಕೂತಿದ್ದು, ಆಫ್ ಮಾಡಿ ಎದ್ದು ಹೋದರು.

ಮಹಾರಾಜರು ಅದನ್ನ ಯಾಕೆ ಉಳಿಸಲಿಲ್ಲ, ಇದನ್ನ ಯಾಕೆ ಉಳಿಸಲಿಲ್ಲ ಅಂತ ಕೇಳೋ ಬಾಯಿ ನನ್ನದು. ಒಂದು ಕ್ಯಾಸೆಟ್ಟು ಕಾಪಾಡೋಕೆ ಆಗಲಿಲ್ಲ ನನಗೆ. ಹಾಡಿದವರಷ್ಟೇ ಹಾಡನ್ನ ಉಳಿಸೋಕೆ ಆಗಲ್ಲ. ಕೇಳಿದವರಲ್ಲಿ ಒಬ್ಬರಾದರೂ ಇದು ನನಗೆ ಬೇಕು ಅಂತ ಹಟ ಹಿಡೀಬೇಕು, ದುಡ್ಡೋ ಸಮಯವೋ ಕಪಾಟಿನ ಜಾಗವೋ ಕೊಡಬೇಕು. ಫೋನಿನಲ್ಲಿ ಎಲ್ಲ ಸಿಗುತ್ತೆ, ನಿಜ. ಅಲ್ಲಿ ಸಿಗೋದು ಯಾರೋ ಒಬ್ಬರು ಹಿಂದೆ ಹಾಗೆ ಹಟ ಹಿಡಿದು ಉಳಿಸಿದ್ದು. ನನ್ನ ಅಜ್ಜಿ ಅಲ್ಲಿ ಸಿಗಲ್ಲ.

ಹೆಂಡತಿಗೆ ಇದನ್ನೆಲ್ಲ ಹೇಳಿದ ಮೇಲೆ ಅವಳು ಕಪಾಟಿನ ಬಗ್ಗೆ ಏನೂ ಹೇಳಲಿಲ್ಲ. ಹೋದ ತಿಂಗಳು ಅವರಮ್ಮ ಊರಿಂದ ಬಂದಿದ್ದರು. ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಾ ಯಾವುದೋ ಆರತಿ ಹಾಡು ಗುನುಗುತ್ತಿದ್ದರು. ಇವಳು ಮೆಲ್ಲಗೆ ಹೋಗಿ, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟು ಬಂದಳು.